ಕರಾರಿನ ನಡುವೆ ದರವೃದ್ಧಿ

ಕರಾರೆಂದರೆ ಉಭಯಪಕ್ಷದವರನ್ನೂ ಕಟ್ಟಿಹಾಕತಕ್ಕ ಮಾತೆಂದು ನಮ್ಮ ವ್ಯಾಪಾರಸ್ಥರೂ ವಕೀಲರೂ ತಿಳಿದುಕೊಂಡು ಬಂದಿದ್ದಾರೆ. ಬ್ರಿಟನ್ನಿನ ಮೊಬೈಲ್ ದೂರವಾಣಿ ಕಂಪೆನಿಗಳವರು ಈ ಶಬ್ದಕ್ಕೆ ಬೇರೊಂದು ಅರ್ಥವನ್ನು ಕಲ್ಪಿಸಿ ಅನೇಕ ವರ್ಷಗಳಾದವು. ಅಲ್ಲಿ ಗ್ರಾಹಕನು ಬಹುಮಟ್ಟಿಗೆ 24 ತಿಂಗಳ ಕರಾರಿಗೆ ಸಹಿ ಮಾಡುತ್ತಾನೆ. ಅವಧಿಗೆ ಮೊದಲೇ ಬಿಟ್ಟುಹೋಗಬೇಕೆಂದರೆ ಉಳಿದ ತಿಂಗಳುಗಳ ಹಣದಲ್ಲಿ ದೊಡ್ಡ ಭಾಗವನ್ನು ದಂಡವಾಗಿ ತೆರಬೇಕು. ಕಂಪೆನಿಯಾದರೋ ವರ್ಷವರ್ಷವೂ ಸಾಮಾನ್ಯವಾಗಿ ಮಾರ್ಚಿಯ ಕೊನೆಗೆ ಇಲ್ಲವೆ ಏಪ್ರಿಲಿನಲ್ಲಿ ಮಾಸಿಕ ದರವನ್ನು ಏರಿಸುತ್ತದೆ. 24 ತಿಂಗಳಲ್ಲಿ ಏಪ್ರಿಲ್ ಎರಡು ಸಲ ಬರುವುದರಿಂದ ಏರಿಕೆಯೂ ಎರಡು ಸಲ ಬರುತ್ತದೆ. ವ್ಯಾಸಂಗಕ್ಕೆಂದೋ ಉದ್ಯೋಗಕ್ಕೆಂದೋ ಆ ದೇಶಕ್ಕೆ ತೆರಳಿದ ಕನ್ನಡಿಗರ ಸಂಖ್ಯೆಯು ಸಣ್ಣದಲ್ಲ; ಆದುದರಿಂದ ಇದು ಪರಸ್ಥಳದ ಸುದ್ದಿಯೆಂದು ತಳ್ಳಿಹಾಕತಕ್ಕ ವಿಷಯವಲ್ಲ.

ಈ ಪದ್ಧತಿಯು ನೆಲೆಗೊಂಡ ಬಗೆಯೇ ಕುತೂಹಲಕರವಾದುದು. ಅಲ್ಲಿನ ನಿಯಂತ್ರಣ ಸಂಸ್ಥೆಯಾದ ಆಫ್‌ಕಾಮ್ 2013ರಲ್ಲಿ ಒಂದು ನಿರ್ದೇಶವನ್ನು ಹೊರಡಿಸಿತು. ಕರಾರಿನ ನಡುವೆ ಕಂಪೆನಿಯು ದರವನ್ನೇರಿಸಿದರೆ ಗ್ರಾಹಕನು ದಂಡವಿಲ್ಲದೆ ಹೊರಟುಹೋಗಬಹುದೆಂಬುದು ಅದರ ತಾತ್ಪರ್ಯ. 2014ರ ಜನವರಿ 23ರಿಂದೀಚಿನ ಕರಾರುಗಳಿಗೆ ಅದು ಅನ್ವಯಿಸಿತು. ಉದ್ದೇಶವು ಸಾಧುವಾದುದೇ ಸರಿ. ಆದರೆ ಸಹಿ ಮಾಡುವಾಗಲೇ ತಿಳಿಸಿ ಒಪ್ಪಿಸಿಕೊಂಡ ಏರಿಕೆಗೆ ಈ ನಿರ್ದೇಶವು ತಗುಲುತ್ತಿರಲಿಲ್ಲ. ನಿಯಂತ್ರಕರು ಚಾಪೆಯ ಕೆಳಗೆ ತೂರಿದರೆ ಕಂಪೆನಿಗಳವರು ರಂಗೋಲಿಯ ಕೆಳಗೆ ತೂರಿದರು. ಏರಿಕೆಯನ್ನೇ ಕರಾರಿನ ಒಂದು ಷರತ್ತಾಗಿ ಬರೆದಿಟ್ಟರು.

ಕಾಲಕ್ರಮದಲ್ಲಿ ಆ ಷರತ್ತು ಒಂದು ಸೂತ್ರದ ರೂಪವನ್ನು ತಾಳಿತು: ಗ್ರಾಹಕ ಬೆಲೆಗಳ ಸೂಚ್ಯಂಕವು ಎಷ್ಟು ಏರಿದೆಯೋ ಅಷ್ಟು, ಅದರ ಮೇಲೆ ಶೇಕಡಾ 3.9. ಹಣದುಬ್ಬರವು ಅಲ್ಪವಾಗಿದ್ದ ದಿನಗಳಲ್ಲಿ ಇದು ಯಾರ ಕಣ್ಣಿಗೂ ಬೀಳಲಿಲ್ಲ. 2022ರ ಡಿಸೆಂಬರಿನಲ್ಲಿ ಸೂಚ್ಯಂಕದ ಏರಿಕೆ ಶೇಕಡಾ 10.5ಕ್ಕೆ ಮುಟ್ಟಿತು, 2023ರ ವಸಂತದಲ್ಲಿ ಇ.ಇ., ವೊಡಾಫೋನ್ ಮುಂತಾದವರ ಗ್ರಾಹಕರು ಶೇಕಡಾ 14.4ರಷ್ಟು ಹೆಚ್ಚು ತೆರಬೇಕಾಯಿತು. ಓ2 ಕಂಪೆನಿಯವರು ಹಿಡಿದದ್ದು ಬೇರೊಂದು ಸೂಚ್ಯಂಕವನ್ನು. ಅವರ ಏರಿಕೆ ಶೇಕಡಾ 17.3. ದೂರವಾಣಿಯ ವೆಚ್ಚವೂ ಬೆಲೆಗಳ ಸೂಚ್ಯಂಕದ ಒಂದು ಅಂಗವೆಂಬುದನ್ನು ಇಲ್ಲಿ ಮರೆಯಲಾಗದು. ಸೂಚ್ಯಂಕವನ್ನು ನೋಡಿ ದರವನ್ನೇರಿಸುವುದು, ಏರಿದ ದರದಿಂದ ಸೂಚ್ಯಂಕವು ಇಷ್ಟಾದರೂ ಏರುವುದು, ಅದನ್ನು ನೋಡಿ ಮರುವರ್ಷ ಮತ್ತೆ ಏರಿಸುವುದು: ಈ ಚಕ್ರವನ್ನು ತಿರುಗಿಸುವ ಭಾಗ್ಯವು ಸಂಬಳದ ನೌಕರನಿಗೆಲ್ಲಿಯದು? ಉಪಕರಣದ ಕಂತೂ ಮಾತಿನ ಬಾಡಿಗೆಯೂ ಒಂದೇ ಬಿಲ್ಲಿನಲ್ಲಿ ಸೇರಿದ್ದ ಕರಾರುಗಳಲ್ಲಂತೂ, ಹಿಂದಿನ ವರ್ಷವೇ ಕ್ರಯ ಗೊತ್ತಾಗಿ ಕೈಸೇರಿ, ಅಂಚು ಸವೆಯಹತ್ತಿದ ಉಪಕರಣದ ಮೇಲೆಯೂ ಏರಿಕೆ ಬಿದ್ದಿತು.

ಕೂಗೆದ್ದಿತು. ಆಫ್‌ಕಾಮ್‌ನವರು 2024ರ ಜುಲೈ 19ರಂದು ತೀರ್ಮಾನವಿತ್ತು, 2025ರ ಜನವರಿ 17ರಿಂದ ಮಾಡುವ ಹೊಸ ಕರಾರುಗಳಲ್ಲಿ ಸೂಚ್ಯಂಕದ ಸೂತ್ರವನ್ನು ನಿಷೇಧಿಸಿದರು. ಏರಿಕೆಯಿದ್ದರೆ ಅದೆಷ್ಟು, ಎಂದಿನಿಂದ ಎಂಬುದನ್ನು ಪೌಂಡು ಪೆನ್ಸುಗಳಲ್ಲಿ ಮೊದಲೇ ಬರೆದು ತೋರಿಸಬೇಕು. ಸ್ಪಷ್ಟತೆಯ ದೃಷ್ಟಿಯಿಂದ ಇದು ಮುನ್ನಡೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಏರಿಕೆಯನ್ನು ಕಾಣುವಂತೆ ಮಾಡುವುದು ಬೇರೆ, ಅದನ್ನು ಕಡಿಮೆ ಮಾಡುವುದು ಬೇರೆ. ಕಂಪೆನಿಗಳವರು ಬರೆದ ಮೊಬಲಗು ಸಣ್ಣ ಕರಾರಿಗೂ ದೊಡ್ಡ ಕರಾರಿಗೂ ಬಹುತೇಕ ಒಂದೇ. ಓ2 ಕಂಪೆನಿಯಲ್ಲಿ ಅದು ತಿಂಗಳಿಗೆ 1.80 ಪೌಂಡ್ ಆಗಿತ್ತು. ತಿಂಗಳಿಗೆ 40 ಪೌಂಡ್ ತೆರುವವನಿಗೆ ಇದು ಶೇಕಡಾ 4.5, 10 ಪೌಂಡ್ ತೆರುವವನಿಗೆ ಶೇಕಡಾ 18. ನಿಂದೆಗೆ ಗುರಿಯಾದ ಹಳೆಯ ಸೂತ್ರದಿಂದ 2024ರಲ್ಲಿ ಬಂದ ಏರಿಕೆ ಶೇಕಡಾ 7.9, ಅಂದರೆ ಈ 10 ಪೌಂಡಿನವನ ಪಾಲಿಗೆ 79 ಪೆನ್ಸ್. ಹೊಸ ನಿಯಮದ ಕಾಲದಲ್ಲಿ ಅವನು ತೆರುವ ಹೆಚ್ಚಳವು ಅದರ ಇಮ್ಮಡಿಗೂ ಮಿಕ್ಕಿತು. ಬಡವನ ರಕ್ಷಣೆಗಾಗಿ ಮಾಡಿದ ನಿಯಮದ ಭಾರವು ಬಡವನ ಮೇಲೆಯೇ ಬಿದ್ದ ನಿದರ್ಶನಗಳಲ್ಲಿ ಇದೂ ಒಂದು.

ಬರೆದಿಟ್ಟ ಮೊಬಲಗಾದರೂ ನಿಂತಿತೇ? 1.80 ಎಂದು ಬರೆದುಕೊಟ್ಟಿದ್ದ ಗ್ರಾಹಕರಿಗೂ 2026ರ ಏಪ್ರಿಲಿನ ಏರಿಕೆಯು 2.50 ಪೌಂಡ್ ಆಗುವುದೆಂದು ಅದೇ ಓ2 ಕಂಪೆನಿಯವರು 2025ರ ಅಕ್ಟೋಬರಿನಲ್ಲಿ ಸಾರಿದರು. ಒಪ್ಪದವರು 30 ದಿನಗಳೊಳಗೆ ದಂಡವಿಲ್ಲದೆ ಹೋಗಬಹುದೆಂದೂ ತಿಳಿಸಿದರು. ಉಪಕರಣದ ಬಾಕಿಯನ್ನು ಮಾತ್ರ ತೀರಿಸಬೇಕು. ಇದು ನಿಯಮದ ಅಕ್ಷರಕ್ಕೆ ವಿರುದ್ಧವಲ್ಲ, ಆಶಯಕ್ಕೆ ವಿರುದ್ಧವೆಂದು ಆಫ್‌ಕಾಮ್ ಅಸಮಾಧಾನವನ್ನು ಸೂಚಿಸಿತು. ತಂತ್ರಜ್ಞಾನ ಶಾಖೆಯ ಮಂತ್ರಿಗಳಾದ ಲಿಜ್ ಕೆಂಡಾಲ್ ಅವರು ಆ ಸಂಸ್ಥೆಗೆ ಪತ್ರ ಬರೆದರು.

ಪತ್ರವ್ಯವಹಾರವು ಫಲಿಸುವವರೆಗೆ ಕಾಯಲಾರದ ಗ್ರಾಹಕನಿಗೆ ಉಪಾಯವಿಲ್ಲದೆ ಇಲ್ಲ. ಕಟ್ಟು ಇರುವುದು ಉಪಕರಣದಲ್ಲಿ. ಉಪಕರಣವನ್ನು ಬೇರೆಯಾಗಿ ಕೊಂಡು, ಸಿಮ್ ಒಂದನ್ನೇ 30 ದಿನಗಳ ಗಡುವಿಗೆ ಪಡೆದವನನ್ನು ಏಪ್ರಿಲ್ ಏನೂ ಮಾಡಲಾರದು. ದರ ಏರಿದರೆ ಮರುತಿಂಗಳು ಬೇರೆ ಅಂಗಡಿ. ದೊಡ್ಡ ಕಂಪೆನಿಗಳೇ ಇಂಥ ಅಗ್ಗದ ಅಂಗಡಿಗಳನ್ನು ಬೇರೆ ಹೆಸರುಗಳಿಂದ ತೆರೆದಿವೆ: ಗಿಫ್‌ಗ್ಯಾಫ್ ಓ2ಗೆ ಸೇರಿದ್ದು, ವಾಕ್ಸಿ ವೊಡಾಫೋನಿಗೆ ಸೇರಿದ್ದು. 2019ರ ಜುಲೈಯಿಂದ ಒಂದು ಸಂದೇಶ ಕಳುಹಿಸಿದ ಮಾತ್ರಕ್ಕೆ ಸಂಖ್ಯೆಯನ್ನು ಒಯ್ಯುವ ಸಂಕೇತವು ಗ್ರಾಹಕನ ಕೈಸೇರುತ್ತದೆ. ಬೇರೆ ಕಂಪೆನಿಯ ಸಿಮ್ಮಿಗೆ ಬೀಗ ಹಾಕಿದ ಉಪಕರಣಗಳ ಮಾರಾಟವು 2021ರ ಡಿಸೆಂಬರಿನಿಂದ ನಿಷಿದ್ಧವಾಗಿದೆ. ಉದ್ದ ಕರಾರು ಮಾಡಲೇಬೇಕಾದವನು ಮೊದಲ ತಿಂಗಳ ದರವನ್ನು ಬಿಟ್ಟು, ಏರಿಕೆಗಳನ್ನೂ ಕೂಡಿಸಿ 24 ತಿಂಗಳ ಒಟ್ಟು ಮೊತ್ತವನ್ನು ಕಾಗದದ ಮೇಲೆ ಬರೆದು ನೋಡತಕ್ಕದ್ದು.

ಆದರೆ ಬಿಟ್ಟುಹೋಗುವ ಸ್ವಾತಂತ್ರ್ಯಕ್ಕೆ ಬೆಲೆ ಬರುವುದು ಹೋಗಲು ಸ್ಥಳವಿದ್ದಾಗ. ಬ್ರಿಟನ್ನಿನಲ್ಲಿ ಸ್ವಂತ ಗೋಪುರಜಾಲವುಳ್ಳ ನಾಲ್ಕು ಕಂಪೆನಿಗಳಿದ್ದವು. ವೊಡಾಫೋನ್ ಮತ್ತು ತ್ರೀ 2025ರ ಮೇ 31ರಂದು ಒಂದಾದುದರಿಂದ ಮೂರು ಉಳಿದವು. ಕೆಲವು ದರಗಳಿಗೆ ಮೂರು ವರ್ಷ ಮಿತಿಯನ್ನು ಹಾಕಿಯೇ ಸ್ಪರ್ಧಾ ನಿಯಂತ್ರಣದ ಅಧಿಕಾರಿಗಳು ಇದಕ್ಕೆ ಸಮ್ಮತಿಸಿದ್ದು. ಮೂರು ವರ್ಷಗಳ ತರುವಾಯದ ಮಾತು ತರುವಾಯ.

ಈ ಕೊನೆಯ ಅಂಶವನ್ನು ಅರಿಯಲು ಭಾರತೀಯ ವಾಚಕರು ಸಮುದ್ರ ದಾಟಬೇಕಾಗಿಲ್ಲ. ನಮ್ಮಲ್ಲಿ ಬಹುಜನರು ಮುಂಗಡ ಹಣ ಕಟ್ಟುವವರು. ಕರಾರಿಲ್ಲ, ದಂಡವಿಲ್ಲ; 2011ರ ಜನವರಿ 20ರಿಂದ ದೇಶದಾದ್ಯಂತ ಸಂಖ್ಯೆಯನ್ನು ಉಳಿಸಿಕೊಂಡೇ ಕಂಪೆನಿಯನ್ನು ಬದಲಿಸಬಹುದು. ಬ್ರಿಟನ್ನಿನ ಗ್ರಾಹಕನು ಬಯಸುವ ಸ್ವಾತಂತ್ರ್ಯವೆಲ್ಲ ಕಾಗದದ ಮೇಲೆ ನಮಗಿದೆ. ಆದರೂ 2019ರ ಡಿಸೆಂಬರ್, 2021ರ ವರ್ಷಾಂತ್ಯ, 2024ರ ಜುಲೈ, ಈ ಮೂರು ಸಲವೂ ಜಿಯೋ, ಏರ್‌ಟೆಲ್, ವೊಡಾಫೋನ್ ಐಡಿಯಾ ಕಂಪೆನಿಗಳು ಕೆಲವೇ ದಿನಗಳ ಅಂತರದಲ್ಲಿ ಒಂದರ ಹಿಂದೊಂದು ದರವನ್ನೇರಿಸಿದವು. 2024ರಲ್ಲಂತೂ ಎರಡು ಕಂಪೆನಿಗಳ ಏರಿಕೆ ಜುಲೈ 3ರಂದು, ಮೂರನೆಯದರದು ಮರುದಿನ. ಒಬ್ಬನನ್ನು ಬಿಟ್ಟು ಇನ್ನೊಬ್ಬನಲ್ಲಿಗೆ ಹೋದವನಿಗೆ ಅಲ್ಲಿಯೂ ಅದೇ ದರದ ಫಲಕ. ಕೆಲವು ತಿಂಗಳ ಕಾಲ ಅನೇಕರು ಸರಕಾರದ ಬಿ.ಎಸ್.ಎನ್.ಎಲ್. ಕಡೆಗೆ ತಿರುಗಿದರು, ಉಳಿದ ಮೂವರ ಜಾಲಕ್ಕೆ ಸಾಟಿಯಾಗುವ ವೇಗವನ್ನು ಅದು ಎಲ್ಲ ಊರುಗಳಲ್ಲಿಯೂ ಕೊಡುವಂತಿರಲಿಲ್ಲ. ದರವನ್ನು ಗೊತ್ತುಮಾಡುವ ಕೆಲಸವನ್ನು ಟ್ರಾಯ್ ಬಹುಕಾಲದಿಂದ ಕಂಪೆನಿಗಳಿಗೇ ಬಿಟ್ಟಿದೆ. 28 ದಿನಗಳನ್ನು ತಿಂಗಳೆಂದೆಣಿಸಿ ವರ್ಷಕ್ಕೆ 13 ಸಲ ವಸೂಲು ಮಾಡುವ ಪದ್ಧತಿಗೆ ಬದಲಾಗಿ 30 ದಿನದ ಯೋಜನೆಯೊಂದನ್ನಾದರೂ ಇಡತಕ್ಕದ್ದೆಂದು 2022ರಲ್ಲಿ ಅದು ಆಜ್ಞೆ ಮಾಡಿತು. 28 ದಿನದ್ದೂ ಜೊತೆಗೆ ಉಳಿಯಿತು.

2024ರ ಏರಿಕೆಗೆ ಕೆಲವು ದಿನಗಳ ಮುಂಚೆಯೇ ಪ್ರಕಟಣೆ ಹೊರಟಿದ್ದುದರಿಂದ, ಕೈಯಲ್ಲಿ ಹಣವಿದ್ದವರು ಹಳೆಯ ದರದಲ್ಲಿಯೇ 365 ದಿನಗಳ ಮೊತ್ತವನ್ನು ಒಮ್ಮೆಲೇ ಕಟ್ಟಿ ನಿಶ್ಚಿಂತರಾಗಲು ಅವಕಾಶವಿತ್ತು. ದಿನಗೂಲಿಯಿಂದ ತಿಂಗಳ ಲೆಕ್ಕದಲ್ಲಿ ಹಣ ಕಟ್ಟುವವನಿಗೆ ಆ ದಾರಿಯಿರಲಿಲ್ಲ. ಅವನು ಹೊಸ ದರವನ್ನು ಮೊದಲ ತಿಂಗಳಿನಿಂದಲೇ ತೆತ್ತನು.