ಬಾಯಿ ನೋಡಿದರು, ಅನ್ನನಾಳ ನೋಡುವವರು ಯಾರು?



ಕಳೆದ ಸಲದಂತೆ ಈ ಸಲವೂ ನಮ್ಮ ಹೋಬಳಿಯಲ್ಲಿ ಕ್ಯಾನ್ಸರ್ ತಪಾಸಣಾ ಶಿಬಿರ ನಡೆಯಲಿದೆ ಎಂಬ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಬಂದಿದೆ. ಕಳೆದ ಸಲದ್ದು ಯಶಸ್ವಿ ಎಂದೂ ಬರೆದಿದ್ದೀರಿ. ಓದಿ ಮನೆಮಂದಿಗೆಲ್ಲ ನೋವಾಯಿತು. ಅಂದು ಸಾಲಿನಲ್ಲಿ ನಿಂತವರಲ್ಲಿ ನಮ್ಮ ದೊಡ್ಡಪ್ಪನೂ ಒಬ್ಬರು. ಮುದ್ದೆ ಎದೆಯಲ್ಲೇ ನಿಲ್ಲುತ್ತದೆ, ನೀರು ಕುಡಿದರಷ್ಟೇ ಇಳಿಯುತ್ತದೆ ಎಂದು ಅವರು ಬಿಡಿಸಿ ಹೇಳಿದ್ದರು. ಬಾಯಿ ತೆರೆಸಿ ನೋಡಿದರು, ಬಿ.ಪಿ., ಶುಗರ್ ಬರೆದುಕೊಂಡರು, ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಟ್ಟು ಕಳಿಸಿದರು. ಅವರು ಗಂಜಿಗೆ ಇಳಿದ ಮೇಲೆ ನಾವು ಬೆಂಗಳೂರಿಗೆ ಕರೆದೊಯ್ದು ಎಂಡೋಸ್ಕೋಪಿ ಮಾಡಿಸಿದೆವು. ಅನ್ನನಾಳದ ಕ್ಯಾನ್ಸರ್. ಆಗಲೇ ಗೋಡೆ ದಾಟಿ ಹರಡಿತ್ತು.

ಮೂವತ್ತು ದಾಟಿದವರಿಗೆ ಸರ್ಕಾರ ಮಾಡಿಸುವ ಕ್ಯಾನ್ಸರ್ ತಪಾಸಣೆ ಬಾಯಿ, ಸ್ತನ, ಗರ್ಭಕೊರಳು ಈ ಮೂರಕ್ಕೇ ನಿಂತಿದೆ. ಅವು ಬೇಕೇ ಬೇಕು. ಆದರೆ ಬಾಯಿ ಸುಡುವ ಹೊಗೆಸೊಪ್ಪು, ಗುಟ್ಕಾ ಅನ್ನನಾಳವನ್ನು ಬಿಡುತ್ತವೆಯೇ? ಜಠರದ ಕಥೆಯೂ ಅದೇ. ಅಲ್ಲಿ ಹುಣ್ಣಿಗೆ ಕಾರಣವಾಗುವ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ರೋಗಾಣು ಕ್ಯಾನ್ಸರನ್ನೂ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1994ರಲ್ಲೇ ಹೇಳಿದೆ. ಜಪಾನ್ 1983ರಿಂದ ದೇಶದಾದ್ಯಂತ ಜಠರದ ತಪಾಸಣೆ ನಡೆಸುತ್ತಿದೆ. ರೋಗ ಒಳಪೊರೆಯಲ್ಲಿದ್ದಾಗಲೇ ಸಿಕ್ಕರೆ ಹೊಟ್ಟೆ ಕೊಯ್ಯಬೇಕಾಗಿಲ್ಲ. ಎಂಡೋಸ್ಕೋಪಿ ನಳಿಕೆಯಿಂದಲೇ ಆ ಜಾಗದ ಅಡಿಗೆ ದ್ರವ ತುಂಬಿ, ಮೇಲೆತ್ತಿ, ಸವರಿ ತೆಗೆಯುತ್ತಾರೆ. ಜಠರದ ಕ್ಯಾನ್ಸರ್ ಆ ಹಂತದಲ್ಲಿ ಸಿಕ್ಕಿ ಚಿಕಿತ್ಸೆಯಾದವರಲ್ಲಿ ಜಪಾನಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಐದು ವರ್ಷದಾಚೆಗೂ ಬದುಕಿದ್ದಾರೆ. ನಮ್ಮ ದೊಡ್ಡಪ್ಪನಿಗೆ ಆ ಅವಕಾಶವನ್ನೇ ಕೊಡಲಿಲ್ಲ. ಮಾತ್ರೆ ಕೊಟ್ಟರು.

ಇನ್ನೊಂದು ಸಂಕಟವನ್ನೂ ಹೇಳಲೇಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಎಂದು ಗೋಡೆಗೋಡೆಗೆ ಬರೆಸಿದ್ದಾರೆ. ಕಾರ್ಡು ತೋರಿಸಿದರೆ, ರೋಗ ಯಾವುದೆಂದು ಖಚಿತವಾಗಲಿ, ರೆಫರಲ್ ಚೀಟಿ ತನ್ನಿ ಎಂದರು ಆಸ್ಪತ್ರೆಯವರು. ಖಚಿತಪಡಿಸುವ ಪರೀಕ್ಷೆಗಳಿಗೇ ನಮ್ಮ ಕೈಯಿಂದ ದುಡ್ಡು ಕಟ್ಟಿಸಿಕೊಂಡರು. ಕಡ್ಲೆಕಾಯಿ ಬಿತ್ತನೆ ಬೀಜಕ್ಕೆಂದು ಇಟ್ಟಿದ್ದ ಹಣ ಸ್ಕ್ಯಾನಿಂಗಿಗೆ ಹೋಯಿತು. ಮಳೆ ನಂಬಿದ ಒಣಭೂಮಿಯವರು ಈ ಖರ್ಚಿಗೆ ಹೆದರಿಯೇ ಎಂಡೋಸ್ಕೋಪಿ ಮುಂದೂಡುತ್ತಾರೆ, ರೋಗ ಬಲಿಯುತ್ತದೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಶುರುವಾದದ್ದು 1973ರಲ್ಲಿ. ಇಂದಿಗೂ ನಮ್ಮ ಕಡೆಯವರು ಅಲ್ಲಿಗೆ ಹೋಗುವುದು ಎಲ್ಲ ಕೈಮೀರಿದ ಮೇಲೆಯೇ.

ಎಲ್ಲರಿಗೂ ಎಂಡೋಸ್ಕೋಪಿ ಮಾಡಿ ಎಂದು ನಾನು ಕೇಳುತ್ತಿಲ್ಲ. ನುಂಗಲು ಕಷ್ಟ ಎನ್ನುವವರು, ಮಲ ಕಪ್ಪಗೆ ಹೋಗುವವರು, ಕಾರಣವಿಲ್ಲದೆ ತೂಕ ಇಳಿದವರು, ವಯಸ್ಸಾದ ಮೇಲೆ ರಕ್ತ ಕಡಿಮೆಯಾದವರು, ಇವರಿಗಾದರೂ ಗ್ಯಾಸ್ಟ್ರಿಕ್ ಎಂದು ಹೇಳಿ ಕಳಿಸಬೇಡಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನವಾದರೂ ಉಚಿತ ಎಂಡೋಸ್ಕೋಪಿ ನಡೆಯಲಿ. ಗಡಿಯಂಚಿನವರೆಂದು ನಮ್ಮ ಜೀವ ಅಗ್ಗವಲ್ಲ.

ಈ ಸಲದ ಶಿಬಿರಕ್ಕೆ ನಿಮ್ಮ ವರದಿಗಾರರು ಬಂದಾಗ ಒಂದೇ ಪ್ರಶ್ನೆ ಕೇಳಲಿ: ಕಳೆದ ಸಲ ಹೊಟ್ಟೆ, ಗಂಟಲು ಎಂದವರಲ್ಲಿ ಎಷ್ಟು ಮಂದಿಯನ್ನು ಎಂಡೋಸ್ಕೋಪಿಗೆ ಕಳಿಸಿದ್ದೀರಿ? ಆ ಉತ್ತರವನ್ನು ಶಿಬಿರದ ಫೋಟೊದ ಪಕ್ಕದಲ್ಲೇ ಅಚ್ಚು ಹಾಕಿ.

– ನೊಂದ ಓದುಗ, ಮಿಡಿಗೇಶಿ, ಮಧುಗಿರಿ ತಾಲ್ಲೂಕು