ಡಬ್ಬದಲ್ಲಿ ಬಂದ ಉಕುಲೇಲೆ

ಉಕುಲೇಲೆ ಗೊತ್ತಲ್ಲ? ಗಿಟಾರ್‌ನ ಮರಿಯ ಹಾಗಿರುವ, ನಾಲ್ಕೇ ತಂತಿಯ ಪುಟ್ಟ ವಾದ್ಯ. ಅಂಗಡಿಯಲ್ಲಿ ರೆಡಿ ಸಿಗುತ್ತೆ, ಆರ್ಡರ್ ಮಾಡಿದರೆ ಎರಡು ದಿನದಲ್ಲಿ ಮನೆ ಬಾಗಿಲಿಗೇ ಬರುತ್ತೆ. ಹೀಗಿದ್ದೂ ಕೆಲವರು ಹೆಚ್ಚುಕಮ್ಮಿ ಅದೇ ದುಡ್ಡಿಗೆ ಬಿಡಿಭಾಗಗಳ ಕಿಟ್ ತರಿಸಿಕೊಂಡು ತಾವೇ ಕೂತು ಕಟ್ಟುತ್ತಾರೆ. ಕಳೆದ ತಿಂಗಳಿಂದ ಆ ಪಟ್ಟಿಗೆ ನಾನೂ ಸೇರಿದ್ದೇನೆ. ‘ರೆಡಿ ಸಿಗೋದನ್ನ ಯಾಕಪ್ಪಾ ಕಟ್ತಾ ಕೂತಿದೀಯ?’ ಅಂತ ಆಫೀಸಿನಲ್ಲಿ ಕೇಳದವರಿಲ್ಲ. ಕಾಫಿ ಬ್ರೇಕ್‌ನಲ್ಲಿ ಹೇಳಿ ಮುಗಿಸೋಕಾಗದ ಉತ್ತರ ಅದು. ಅದಕ್ಕೇ ಈ ವಾರದ ಅಂಕಣ.

ಮೊದಲು ಡಬ್ಬದೊಳಗೆ ಏನಿತ್ತು ಹೇಳ್ತೀನಿ. ಆಗಲೇ ಅಂಟಿಸಿ ತಯಾರಾಗಿದ್ದ ಮರದ ಒಡಲು, ಒಂದು ಕುತ್ತಿಗೆ, ಮೆಟ್ಟಿಲುಗಳನ್ನು ಕೂರಿಸಿದ್ದ ಫಿಂಗರ್‌ಬೋರ್ಡ್, ಒಂದು ಬ್ರಿಡ್ಜ್, ತಂತಿ ಬಿಗಿಯೋಕೆ ನಾಲ್ಕು ಬಿರಡೆ, ತಂತಿ ಕೂರೋಕೆ ಮೇಲೊಂದು ಕೆಳಗೊಂದು ಬಿಳಿ ಪಟ್ಟಿ, ನಾಲ್ಕು ನೈಲಾನ್ ತಂತಿ. ಜೊತೆಗೆ ನಾಲ್ಕು ಚಿತ್ರಗಳಿದ್ದ ಒಂದು ಹಾಳೆ. ‘ಉಜ್ಜಿ’, ‘ಅಂಟಿಸಿ’, ‘ಒಣಗಲು ಬಿಡಿ’ ಅಂತ ಅದರಲ್ಲಿತ್ತು. ಎಷ್ಟು ಉಜ್ಜಬೇಕು, ಎಷ್ಟು ಗೋಂದು, ಎಷ್ಟು ಹೊತ್ತು ಅನ್ನೋದು ಇರಲಿಲ್ಲ.

‘ಕಷ್ಟದ ಕೆಲಸವನ್ನೆಲ್ಲ ಮಷೀನೇ ಮಾಡಿದೆಯಲ್ಲ, ಇನ್ನು ನಿಂದೇನು?’ ಅಂತ ನೀವು ಕೇಳಬಹುದು. ನಿಜ. ತೆಳ್ಳನೆ ಹಲಗೆಯನ್ನು ಕಾಯಿಸಿ ಬಗ್ಗಿಸೋದು, ಮೆಟ್ಟಿಲಿಗೆ ಗೀರು ಕೊರೆಯೋದು ಎಲ್ಲ ಕಾರ್ಖಾನೆಯಲ್ಲೇ ಮುಗಿದಿರುತ್ತೆ. ನಮಗೆ ಉಳಿಯೋದು ಐದು ಕೆಲಸ: ಉಜ್ಜೋದು, ಕುತ್ತಿಗೆ ಕೂರಿಸೋದು, ಪಾಲಿಶ್ ಹಾಕೋದು, ಬ್ರಿಡ್ಜ್ ಅಂಟಿಸೋದು, ತಂತಿ ಕಟ್ಟೋದು. ಕೊನೆಯದೊಂದನ್ನು ಬಿಟ್ಟರೆ ಕುರ್ಚಿ, ಮೇಜು ಮಾಡುವ ಕೆಲಸದ ಹಾಗೇ ಕೇಳಿಸುತ್ತೆ ಅಲ್ವಾ? ಅದಕ್ಕೆ ಕಾರಣವೂ ಇದೆ.

1879ರ ಆಗಸ್ಟ್‌ನಲ್ಲಿ ರೇವನ್ಸ್‌ಕ್ರ್ಯಾಗ್ ಅನ್ನೋ ಹಡಗು ಹವಾಯಿಯ ಹೊನೊಲುಲು ಬಂದರಿಗೆ ಬಂತು. ಪೋರ್ಚುಗಲ್‌ಗೆ ಸೇರಿದ ಮಡೈರಾ ದ್ವೀಪದಿಂದ ಕಬ್ಬಿನ ತೋಟಗಳ ಕೆಲಸಕ್ಕೆ ಹೊರಟಿದ್ದ ನಾನೂರಕ್ಕೂ ಹೆಚ್ಚು ಜನ ಅದರಲ್ಲಿದ್ದರು. ಅವರ ನಡುವೆ ಮೂವರು ಬಡಗಿಗಳು: ಮನುಯೆಲ್ ನೂನೆಸ್, ಅಗುಸ್ಟೊ ಡಿಯಾಸ್, ಜೋಸೆ ಡೊ ಎಸ್ಪಿರಿಟೊ ಸಾಂಟೊ. ಮೂವರೂ ಆಮೇಲೆ ಹೊನೊಲುಲುವಿನಲ್ಲಿ ಅಂಗಡಿ ಇಟ್ಟರು. ಪೀಠೋಪಕರಣದ ಜೊತೆಜೊತೆಗೇ ತಮ್ಮೂರಿನ ಪುಟ್ಟ ನಾಲ್ಕು ತಂತಿಯ ವಾದ್ಯವನ್ನು ಅಲ್ಲಿಯ ಕೋವಾ ಮರದಲ್ಲಿ ಮಾಡಿದರು. ಹವಾಯಿಯ ದೊರೆ ಕಲಾಕೌವಾ ಅದನ್ನು ಮೆಚ್ಚಿ ಅರಮನೆಯ ಕೂಟಗಳಿಗೆ ಕರೆಸಿಕೊಂಡ. ಆ ವಾದ್ಯವೇ ಉಕುಲೇಲೆ. ಹವಾಯಿ ಭಾಷೆಯಲ್ಲಿ ‘ಜಿಗಿಯುವ ಚಿಗಟ’ ಅನ್ನೋದು ಆ ಹೆಸರಿಗೆ ಸಾಮಾನ್ಯವಾಗಿ ಹೇಳುವ ಅರ್ಥ. ಅಂದರೆ ಇದು ಹುಟ್ಟಿನಿಂದಲೇ ಬಡಗಿಗಳ ಕೂಸು.

ನಮ್ಮ ಮನೆಯಲ್ಲೂ ಒಬ್ಬ ಬಡಗಿ ಇದ್ದಾರೆ. ನನ್ನ ದೊಡ್ಡಪ್ಪ. ನಲವತ್ತು ವರ್ಷ ಬಾಗಿಲು, ಕಿಟಕಿ, ಮಂಚ, ತೊಟ್ಟಿಲು ಮಾಡಿದವರು. ಚಿಕ್ಕಂದಿನಲ್ಲಿ ನಾನು ಅವರ ಉಳಿ ಮುಟ್ಟಿದರೆ ಕೈ ಮೇಲೆ ಏಟು ಬೀಳುತ್ತಿತ್ತು. ಮಾರ್ಕ್ಸ್ ಕಮ್ಮಿ ಬಂದಾಗ ಅವರೇ ಹೇಳ್ತಿದ್ದ ಮಾತು, ‘ಓದಲ್ವಾ? ಸರಿ, ನಾಳೆಯಿಂದ ನನ್ ಜೊತೆ ಉಳಿ ಹಿಡಿಯೋಕೆ ಬಾ.’ ಅದು ಬೆದರಿಕೆ. ಇಡೀ ಬೀದಿಯ ಹುಡುಗರನ್ನು ಓದಿಸಿದ ಬೆದರಿಕೆ. ನಾನೂ ಓದಿದೆ, ಇಂಜಿನಿಯರ್ ಆದೆ. ಫಸ್ಟ್ ಇಯರ್ ವರ್ಕ್‌ಶಾಪ್ ಲ್ಯಾಬ್‌ನಲ್ಲಿ ಅರ ಹಿಡಿದು ಕಬ್ಬಿಣದ ತುಂಡು ಉಜ್ಜಿದ್ದೇ ಕೊನೆ, ಆಮೇಲೆ ಕೈಗೆ ಸಿಕ್ಕಿದ್ದು ಕೀಬೋರ್ಡ್ ಮಾತ್ರ.

ಕಿಟ್ ಬಂದ ವಾರವೇ ದೊಡ್ಡಪ್ಪ ಕಣ್ಣಿನ ಪೊರೆಯ ಆಪರೇಷನ್‌ಗೆ ಅಂತ ಬೆಂಗಳೂರಿಗೆ ಬಂದು ನಮ್ಮ ಮನೆಯಲ್ಲಿ ಉಳಿದರು. ಧೂಳಿನ ಹತ್ತಿರ ಹೋಗಬಾರದು, ಬಗ್ಗಬಾರದು ಅಂತ ಡಾಕ್ಟರ್ ಹೇಳಿದ್ದರು. ಹಾಗಾಗಿ ನಾನು ಬಾಲ್ಕನಿಯಲ್ಲಿ ಉಜ್ಜೋದು, ಬಟ್ಟೆಯಲ್ಲಿ ಒರೆಸಿ ಹಾಲ್‌ಗೆ ತಂದು ಅವರ ಕೈಗೆ ಕೊಡೋದು. ಅವರು ಕಪ್ಪು ಕನ್ನಡಕ ಹಾಕಿಕೊಂಡು ಬೆರಳಲ್ಲಿ ಸವರಿ ನೋಡೋದು. ಮೂರು ವಾರ ಹೀಗೇ ನಡೀತು.

ಉಜ್ಜೋದಕ್ಕೆ ಒಂದು ಲೆಕ್ಕ ಇದೆ. ಸ್ಯಾಂಡ್‌ಪೇಪರ್ 120ರಿಂದ ಶುರು ಮಾಡಿ 180, 240, 320 ಅಂತ ನುಣುಪು ಹೆಚ್ಚಿಸ್ತಾ ಹೋಗಬೇಕು. ಯಾವಾಗಲೂ ಮರದ ಎಳೆ ಹೋಗುವ ದಿಕ್ಕಿಗೇ ಉಜ್ಜಬೇಕು, ಅಡ್ಡ ಉಜ್ಜಿದರೆ ಗೀರು ಉಳಿಯುತ್ತೆ. ಮುಂದಿನ ನಂಬರ್‌ಗೆ ಯಾವಾಗ ಹೋಗಬೇಕು? ಹಾಳೆಯಲ್ಲಿ ಉತ್ತರ ಇಲ್ಲ. ದೊಡ್ಡಪ್ಪನ ಬೆರಳಲ್ಲಿತ್ತು. ‘ಇಲ್ಲಿ ನೋಡು, ಸೊಂಟದ ಹತ್ರ, ಇನ್ನೂ ಗೀರಿದೆ’ ಅಂದರು. ನನ್ನ ಕಣ್ಣಿಗೆ ಏನೂ ಕಾಣಲಿಲ್ಲ. ಮೊಬೈಲ್ ಟಾರ್ಚ್ ಅಡ್ಡಡ್ಡ ಹಿಡಿದರೆ, ಹೌದು, ಕೂದಲೆಳೆಯಂಥ ಗೀರು.

ಕುತ್ತಿಗೆ ಕೂರಿಸೋ ದಿನ ಇನ್ನೊಂದು ಪಾಠ. ಗೋಂದು ಹಾಕುವ ಮೊದಲು ಒಣಗಿದ್ದಾಗಲೇ ಜೋಡಿಸಿ ನೋಡಬೇಕು. ಹೂ ಕಟ್ಟೋ ದಾರ ತರಿಸಿದರು. ಕುತ್ತಿಗೆಯ ತುದಿಯ ನಡುವಿನಿಂದ ಒಡಲಿನ ಕೆಳತುದಿಯ ನಡುವಿನವರೆಗೆ ಬಿಗಿಯಾಗಿ ಹಿಡಿ ಅಂದರು. ದಾರ ಫಿಂಗರ್‌ಬೋರ್ಡ್‌ನ ಸರಿ ನಡುವೆ ಹೋಗಲಿಲ್ಲ, ಒಂದೂವರೆ ಮಿಲಿಮೀಟರ್ ಪಕ್ಕಕ್ಕಿತ್ತು. ಕಾರ್ಖಾನೆಯಲ್ಲಿ ಕೊರೆದ ತೂತೇ ವಾರೆ. ತೂತನ್ನು ಒಂದು ಬದಿಗೆ ಸ್ವಲ್ಪ ಸಡಿಲಿಸಿ, ಸರಿಮಾಡಿಕೊಂಡು, ಫೆವಿಕಾಲ್ ತೆಳ್ಳಗೆ ಸವರಿದೆ. ಕ್ಲ್ಯಾಂಪ್ ಕೊಳ್ಳೋಕೆ ಹೊರಟಿದ್ದವನನ್ನು ತಡೆದು, ‘ಹಳೇ ಸೈಕಲ್ ಟ್ಯೂಬ್ ಸೀಳಿ ಸುತ್ತೋ, ಅದಕ್ಕಿಂತ ಒಳ್ಳೇ ಹಿಡಿತ ಯಾವ್ದಿದೆ?’ ಅಂದರು. ಪಂಕ್ಚರ್ ಅಂಗಡಿಯವರು ದುಡ್ಡೂ ತಗೊಳ್ಳಲಿಲ್ಲ. ಹೊರಗೆ ಉಕ್ಕಿದ ಗೋಂದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಂದಿಡೀ ದಿನ ಮುಟ್ಟದೆ ಇಟ್ಟೆ.

ಪಾಲಿಶ್‌ಗೆ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಹಚ್ಚಿದೆ. ನಮ್ಮ ಚನ್ನಪಟ್ಟಣದ ಬೊಂಬೆಗಳಿಗೆ ಹೊಳಪು ಕೊಡೋದೂ ಅರಗೇ. ಮೆತ್ತನೆ ಬಟ್ಟೆಯ ಉಂಡೆಯಲ್ಲಿ ತೆಳ್ಳಗೆ, ಒಂದು ಪದರ ಒಣಗಿದ ಮೇಲೆ ಇನ್ನೊಂದು. ದಪ್ಪಗೆ ಬಳಿದರೆ ಮೇಲಿನ ಹಲಗೆ ಸರಿಯಾಗಿ ಕಂಪಿಸದೆ ದನಿ ಮಂಕಾಗುತ್ತೆ. ಮಳೆಗಾಲದ ತೇವದಲ್ಲಿ ಹಚ್ಚಿದರೆ ಅರಗು ಬೆಳ್ಳಗೆ ಮಂಜು ಕಟ್ಟಿದ ಹಾಗಾಗುತ್ತೆ, ಬಿಸಿಲಿರುವ ದಿನ ನೋಡಿ ಶುರು ಮಾಡಿ. ಇನ್ನೊಂದು ಮಾತು: ಬ್ರಿಡ್ಜ್ ಕೂರುವ ಜಾಗಕ್ಕೆ ಮೊದಲೇ ಟೇಪ್ ಅಂಟಿಸಿಡಿ. ಗೋಂದು ಹಿಡಿಯೋದು ಬರೀ ಮರವನ್ನ, ಪಾಲಿಶನ್ನಲ್ಲ.

ಇನ್ನು ಬ್ರಿಡ್ಜ್. ವೀಣೆಯಲ್ಲಿ ಇದಕ್ಕೆ ಕುದುರೆ ಅಂತಾರೆ. ಇಲ್ಲಿ ಮಾತ್ರ ನಾನು ದೊಡ್ಡಪ್ಪನಿಗೆ ಪಾಠ ಹೇಳಿದೆ. ನನ್ನ ಉಕುಲೇಲೆಯ ತಂತಿಯ ಉದ್ದ 380 ಮಿಲಿಮೀಟರ್. ಅದನ್ನು 17.817ರಿಂದ ಭಾಗಿಸಿದರೆ ಸುಮಾರು 21.3. ಮೊದಲ ಮೆಟ್ಟಿಲು ಅಷ್ಟು ದೂರದಲ್ಲಿ. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ ಎರಡನೆಯದು. ಹೀಗೆ ಹನ್ನೆರಡು ಸಲ ಮಾಡಿದರೆ ಸರಿಯಾಗಿ ಅರ್ಧಕ್ಕೆ, 190ಕ್ಕೆ ಬಂದು ನಿಲ್ಲುತ್ತೀರಿ. ತಂತಿಯ ಉದ್ದ ಅರ್ಧವಾದರೆ ಮೇಲಿನ ಸ್ಥಾಯಿಯ ಅದೇ ಸ್ವರ. ಹಾಗಾಗಿ ಹನ್ನೆರಡನೇ ಮೆಟ್ಟಿಲಿಂದ ಆಚೆಗೂ 190 ಇರಬೇಕು. ಆದರೆ ಬೆರಳಲ್ಲಿ ಒತ್ತಿದಾಗ ತಂತಿ ಚೂರು ಎಳೆದುಕೊಂಡು ಸ್ವರ ಏರುತ್ತೆ, ಅದಕ್ಕೆ ಒಂದೆರಡು ಮಿಲಿಮೀಟರ್ ಹಿಂದಕ್ಕೆ ಸರಿಸಬೇಕು. ವೀಣೆಗೆ ಮೇಳ ಕಟ್ಟುವವರು 24 ಮೆಟ್ಟಿಲುಗಳನ್ನೂ ಮೇಣದಲ್ಲಿ ಕಿವಿಯ ಲೆಕ್ಕದಲ್ಲೇ ಕೂರಿಸ್ತಾರೆ, ಮೇಣ ಸವೆದರೆ ಮತ್ತೆ ಕಟ್ಟಬಹುದು. ನಮ್ಮ ಬ್ರಿಡ್ಜ್‌ಗೆ ಆ ಅನುಕೂಲ ಇಲ್ಲ. ಅಂಟಿಸಿದರೆ ಮುಗೀತು.

ದೊಡ್ಡಪ್ಪ ಎಲ್ಲ ಕೇಳಿ, ‘ಲೆಕ್ಕ ನಿಂದು ಸರಿ. ಆದ್ರೆ ಗೋಂದು ಹಾಕಿದ ತಕ್ಷಣ ಬ್ರಿಡ್ಜ್ ಜಾರುತ್ತೆ, ಅದನ್ನ ನಿನ್ ಲೆಕ್ಕ ಹೇಳಲ್ಲ’ ಅಂದರು. ಸುತ್ತ ನಾಲ್ಕು ಕಡೆ ಟೇಪ್‌ನ ಗೋಡೆ ಕಟ್ಟಿಸಿ, ಅದರೊಳಗೆ ಕೂರಿಸೋಕೆ ಹೇಳಿದರು. ಒಂದು ಚೂರೂ ಜಾರಲಿಲ್ಲ.

ತಂತಿ ಕಟ್ಟಿದ ಮೇಲೆ ಎರಡು ಮೂರು ದಿನ ತಾಳ್ಮೆ ಬೇಕು. ಹೊಸ ನೈಲಾನ್ ಹಿಗ್ಗುತ್ತಲೇ ಇರುತ್ತೆ, ಶ್ರುತಿ ಇಳೀತಾನೇ ಇರುತ್ತೆ, ಮತ್ತೆ ಮತ್ತೆ ಬಿರಡೆ ತಿರುಗಿಸಬೇಕು. ನಿಂತ ಮೇಲೆ ಒಂದು ಮಜಾ ನೋಡಿ. ಉಕುಲೇಲೆಯ ಶ್ರುತಿ ಜಿ, ಸಿ, ಇ, ಎ. ಸಿ ತಂತಿಯನ್ನು ಷಡ್ಜ ಅಂದುಕೊಂಡರೆ ಬಿಟ್ಟ ತಂತಿಗಳಲ್ಲೇ ಪ, ಸ, ಗ, ದ ಸಿಗುತ್ತೆ. ಸಿ ತಂತಿಯ ಎರಡನೇ ಮೆಟ್ಟಿಲಲ್ಲಿ ರಿ, ಎ ತಂತಿಯ ಮೂರನೇ ಮೆಟ್ಟಿಲಲ್ಲಿ ಮೇಲಿನ ಸ. ಸರಿಗಪದಸ, ಇದು ಮೋಹನ ರಾಗ! ಚಿಕ್ಕಂದಿನಲ್ಲಿ ಸಂಗೀತ ಪಾಠಕ್ಕೆ ಹೋದವರಿಗೆಲ್ಲ ಗೊತ್ತಿರುವ ‘ವರವೀಣಾ’ ಗೀತೆಯ ರಾಗ. ಹವಾಯಿಯ ವಾದ್ಯದಲ್ಲಿ ಮೊದಲು ನುಡಿಸಿದ್ದು ಅದನ್ನೇ.

ದೊಡ್ಡಪ್ಪ ಸಂಗೀತದ ಬಗ್ಗೆ ಏನೂ ಹೇಳಲಿಲ್ಲ. ವಾದ್ಯ ಇಸ್ಕೊಂಡು ಕುತ್ತಿಗೆ ಸೇರಿದ ಜಾಗವನ್ನ ಹೆಬ್ಬೆರಳಲ್ಲಿ ಸವರಿದರು. ‘ಚೆನ್ನಾಗಿ ಕೂತಿದೆ’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ನಿಮ್ಮನ್ನೆಲ್ಲ ಈ ಕೆಲ್ಸದಿಂದ ದೂರ ಇಡ್ಬೇಕು ಅಂತಾನೇ ನಾನು ಈ ಕೆಲ್ಸ ಮಾಡಿದ್ದು ಕಣೋ. ಕೂಲಿ ಅಷ್ಟು ಕಮ್ಮಿ ಇತ್ತು’ ಅಂದರು. ನಾನು ಏನು ಹೇಳಲಿ? ಅವರ ಕೂಲಿಯಿಂದ ನನ್ನ ಕಾಲೇಜು ಫೀಸೂ ಸ್ವಲ್ಪ ಹೋಗಿತ್ತು. ಅವರಿಗೆ ಹೊಟ್ಟೆಪಾಡಾಗಿದ್ದ ಕೆಲಸವನ್ನ ನಾನು ದುಡ್ಡು ಕೊಟ್ಟು, ವೀಕೆಂಡ್‌ನಲ್ಲಿ, ಖುಷಿಗೆ ಅಂತ ಮಾಡ್ತಿದ್ದೆ. ಆ ವ್ಯತ್ಯಾಸ ನನಗೆ ಗೊತ್ತಿರಬೇಕು. ಊರಿಗೆ ಹೊರಡೋ ದಿನ ಬಸ್ ಹತ್ತುವಾಗ ಅವರೇ ಅಂದರು, ‘ಹಬ್ಬಕ್ಕೆ ಬಂದಾಗ ಎರಡು ದಿನ ಇರು. ಉಳಿ ಮಸೆದು ಇಟ್ಟಿರ್ತೀನಿ.’ ಈ ಸಲ ಅದು ಬೆದರಿಕೆ ಅಲ್ಲ.

ಆಫೀಸಿನವರಿಗೆ ನನ್ನ ಉತ್ತರ ಇಷ್ಟೇ. ಕಿಟ್ ಅಂದರೆ ಮಷೀನ್ ಮಾಡಬಲ್ಲದ್ದನ್ನ ಮಾಡಿ, ಕೈ ಮಾತ್ರ ಮಾಡಬಲ್ಲದ್ದನ್ನ ನಮಗೆ ಬಿಟ್ಟಿರುವ ಡಬ್ಬ. ಆ ಉಳಿದಿದ್ದಕ್ಕೆ ಮ್ಯಾನ್ಯುಯಲ್ ಇಲ್ಲ, ಗೊತ್ತಿರುವವರ ಪಕ್ಕ ಕೂತೇ ಕಲೀಬೇಕು.

ನೀವೂ ಶುರು ಮಾಡೋದಾದರೆ ಕಾನ್ಸರ್ಟ್ ಸೈಜಿನ ಕಿಟ್ ತಗೊಳ್ಳಿ, ಸೊಪ್ರಾನೊಗಿಂತ ಬೆರಳಿಗೆ ಜಾಗ ಜಾಸ್ತಿ. ನಾಲ್ಕು ನಂಬರಿನ ಸ್ಯಾಂಡ್‌ಪೇಪರ್, ಮರದ ಗೋಂದು, ಟೇಪ್, ಸ್ಟೀಲ್ ಸ್ಕೇಲ್, ದಾರ, ಹಳೇ ಸೈಕಲ್ ಟ್ಯೂಬ್ ಸಾಕು. ಉಜ್ಜುವಾಗ ಮಾಸ್ಕ್ ಮರೀಬೇಡಿ. ಮೂರು ವೀಕೆಂಡ್ ಇಟ್ಟುಕೊಳ್ಳಿ. ಡಬ್ಬ ತೆರೆಯೋಕೆ ಮುಂಚೆ, ಮನೆಯಲ್ಲೋ ಬೀದಿಯಲ್ಲೋ ಮರ ಗೊತ್ತಿರುವವರು ಯಾರಾದರೂ ಇದ್ದಾರಾ ಅಂತ ವಿಚಾರಿಸಿ. ಇದ್ದರೆ ಮೊದಲು ಅವರಿಗೊಂದು ಫೋನ್ ಮಾಡಿ.