ಪೊಟ್ಯಾಸಿಯಮ್ಮಿಗೆ ಹೆದರಿ ಕಾಯುವ ಮದ್ದನ್ನು ಬಿಡಬೇಕೆ?

ಅತಿಯಾದರೆ ಅಮೃತವೂ ವಿಷ ಎಂಬ ಗಾದೆಗೆ ಪೊಟ್ಯಾಸಿಯಮ್ಮಿಗಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ. ಎಳನೀರು, ಬಾಳೆಯ ಹಣ್ಣು, ಬೇಳೆ, ಸೊಪ್ಪು, ಆಲೂಗಡ್ಡೆ ಮುಂತಾಗಿ ನಾವು ದೇಹಕ್ಕೆ ಹಿತವೆಂದು ಹೊಗಳುವ ಪದಾರ್ಥಗಳಲ್ಲೆಲ್ಲ ಅದು ಧಾರಾಳವಾಗಿದೆ. ಅದಿಲ್ಲದೆ ಹೃದಯ ಬಡಿಯಲಾರದು, ನರ ಮಿಡಿಯಲಾರದು. ಆದರೆ ಮೂತ್ರಪಿಂಡಗಳು ಸೋತಿರುವ ರೋಗಿಯ ರಕ್ತದಲ್ಲಿ ಅದೇ ವಸ್ತು ಸದ್ದಿಲ್ಲದೆ ಏರುತ್ತ ಹೋಗಿ, ಒಂದು ದಿನ ಹೃದಯವನ್ನೇ ನಿಲ್ಲಿಸಬಲ್ಲದು.

ಇಂಥ ರೋಗಿಯ ರಕ್ತಪರೀಕ್ಷೆಯ ಚೀಟಿಯಲ್ಲಿ ಪೊಟ್ಯಾಸಿಯಮ್ಮಿನ ಅಂಕೆ ಏರಿತೆಂದರೆ ಸಾಮಾನ್ಯವಾಗಿ ಎರಡು ಸಂಗತಿಗಳು ನಡೆಯುತ್ತವೆ. ಊಟದ ಎಲೆಯಿಂದ ಹಣ್ಣು ತರಕಾರಿಗಳು ಮಾಯವಾಗುತ್ತವೆ. ಮೂತ್ರಪಿಂಡವನ್ನು ಕಾಪಾಡಲೆಂದೇ ಕೊಟ್ಟಿದ್ದ ಮಾತ್ರೆ ನಿಂತುಹೋಗುತ್ತದೆ. ಈ ಎರಡನೆಯದನ್ನು ಮೊದಲ ಉಪಾಯವಾಗಿ ಅಲ್ಲ, ಕಡೆಯ ಉಪಾಯವಾಗಿ ಇಟ್ಟುಕೊಳ್ಳಬೇಕೆಂಬುದೇ ಈ ಲೇಖನದ ವಾದ. ನಾನು ವೈದ್ಯನಲ್ಲ, ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುವವನು. ಆದರೂ ಪೊಟ್ಯಾಸಿಯಮ್ಮಿನ ಪ್ರಶ್ನೆ ಬಹುಮಟ್ಟಿಗೆ ವಿದ್ಯುತ್ತಿನ ಪ್ರಶ್ನೆ, ಅಳತೆಯ ಪ್ರಶ್ನೆ, ಜಮಾಖರ್ಚಿನ ಪ್ರಶ್ನೆ. ಆ ಮಟ್ಟಿಗೆ ನನಗೂ ಇಲ್ಲಿ ಒಂದೆರಡು ಮಾತನಾಡುವ ಅಧಿಕಾರವಿದೆಯೆಂದು ಭಾವಿಸುತ್ತೇನೆ. ಯಾವ ರೋಗಿಯೂ ಇದನ್ನು ಓದಿ ತನ್ನ ಔಷಧವನ್ನು ತಾನೇ ಬದಲಿಸಿಕೊಳ್ಳತಕ್ಕುದಲ್ಲವೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಮೊದಲು ಜಮಾಖರ್ಚನ್ನು ನೋಡೋಣ. 1807ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ ಕರಗಿಸಿದ ಪೊಟ್ಯಾಷಿನೊಳಗೆ ವಿದ್ಯುತ್ತನ್ನು ಹಾಯಿಸಿ ಪೊಟ್ಯಾಸಿಯಮ್ ಲೋಹವನ್ನು ಪ್ರಥಮವಾಗಿ ಬೇರ್ಪಡಿಸಿದನು. ಲೋಹರೂಪದಲ್ಲಿ ಅದು ನೀರನ್ನು ಸೋಕಿದೊಡನೆ ಹೊತ್ತಿಕೊಳ್ಳುವ ಉಗ್ರ ವಸ್ತು. ನಮ್ಮ ಶರೀರದಲ್ಲಿರುವುದು ಅದರ ಸೌಮ್ಯರೂಪ: ಒಂದು ಎಲೆಕ್ಟ್ರಾನನ್ನು ಕಳೆದುಕೊಂಡು ಧನವಿದ್ಯುತ್ತನ್ನು ಹೊತ್ತಿರುವ ಅಯಾನು. 70 ಕಿಲೋಗ್ರಾಂ ತೂಗುವ ವ್ಯಕ್ತಿಯಲ್ಲಿ ಇದು ಸುಮಾರು 3500 ಮಿಲಿಮೋಲ್, ಎಂದರೆ ಹತ್ತಿರ ಹತ್ತಿರ 135 ಗ್ರಾಂ ಇರುತ್ತದೆ. ಇದರಲ್ಲಿ ನೂರಕ್ಕೆ 98 ಪಾಲು ಜೀವಕೋಶಗಳ ಒಳಗೆ ಅಡಗಿದೆ. ರಕ್ತದ ದ್ರವಭಾಗವೂ ಸೇರಿದಂತೆ ಕೋಶಗಳ ಹೊರಗಿನ ಸಮಸ್ತ ದ್ರವದಲ್ಲಿ ಇರುವುದು ಕೇವಲ 60 ಮಿಲಿಮೋಲಿನ ಆಸುಪಾಸು. ಸ್ವಾರಸ್ಯವೆಂದರೆ, ನಾವು ದಿನವೊಂದಕ್ಕೆ ಆಹಾರದಲ್ಲಿ ಸೇವಿಸುವುದೂ ಸುಮಾರು ಅಷ್ಟೇ, ಒಮ್ಮೊಮ್ಮೆ ಅದಕ್ಕೂ ಹೆಚ್ಚು. ಹೊರಗಿನ ದಾಸ್ತಾನೆಲ್ಲವೂ ದಿನಕ್ಕೊಮ್ಮೆ ಹೊಸದಾಗಿ ಬಂದು ಬೀಳುತ್ತಿದ್ದರೂ ರಕ್ತದ ಮಟ್ಟ ಲೀಟರಿಗೆ 3.5ರಿಂದ 5 ಮಿಲಿಮೋಲಿನ ಇಕ್ಕಟ್ಟಾದ ಎಲ್ಲೆಯೊಳಗೆ ನಿಲ್ಲುತ್ತದೆ. ಬಂದುದನ್ನು ತಾತ್ಕಾಲಿಕವಾಗಿ ಕೋಶಗಳ ಒಳಕ್ಕೆ ತಳ್ಳುವುದು ಇನ್ಸುಲಿನ್ ಮೊದಲಾದವುಗಳ ಕೆಲಸ. ಕೊನೆಗೆ ಹೊರಗೆ ಹಾಕುವುದು ಬಹುಪಾಲು ಮೂತ್ರಪಿಂಡಗಳ ಕೆಲಸ. ನೂರಕ್ಕೆ ಸುಮಾರು 90 ಪಾಲು ಮೂತ್ರದಲ್ಲಿಯೂ ಉಳಿದುದು ಮಲದಲ್ಲಿಯೂ ಹೋಗುತ್ತದೆ. ದೊಡ್ಡ ತೂಬು ಕಟ್ಟಿಕೊಂಡ ಕೆರೆಯಲ್ಲಿ ನೀರೇರುವುದು ಸಹಜವೇ ಅಲ್ಲವೆ?

ಏರಿದರೆ ಹೃದಯಕ್ಕೇಕೆ ಅಪಾಯ? ಕೋಶದ ಒಳಗೆ ಪೊಟ್ಯಾಸಿಯಮ್ ಲೀಟರಿಗೆ ಸುಮಾರು 140 ಮಿಲಿಮೋಲ್, ಹೊರಗೆ 4. ಈ ವ್ಯತ್ಯಾಸವೇ ಒಂದು ಸಣ್ಣ ವಿದ್ಯುತ್ಕೋಶ. ಜರ್ಮನಿಯ ವಾಲ್ಟರ್ ನರ್ನ್‌ಸ್ಟ್ 1889ರಲ್ಲಿ ಪ್ರಕಟಿಸಿದ ಸಮೀಕರಣವನ್ನು ಹಿಡಿದು ಲೆಕ್ಕ ಹಾಕಿದರೆ, ಶರೀರದ ಉಷ್ಣತೆಯಲ್ಲಿ ಪೊರೆಯ ಒಳಭಾಗ ಹೊರಭಾಗಕ್ಕಿಂತ ಸುಮಾರು 95 ಮಿಲಿವೋಲ್ಟ್ ಕೆಳಗಿರುತ್ತದೆ. ಹೊರಗಿನ ಮಟ್ಟ 4ರಿಂದ 8ಕ್ಕೆ ಏರಿತೆನ್ನಿ. ಅದೇ ಲೆಕ್ಕದಲ್ಲಿ ಈ ಅಂತರ 76 ಮಿಲಿವೋಲ್ಟಿಗೆ ಕುಗ್ಗುತ್ತದೆ. ಹೃದಯದ ಸ್ನಾಯುತಂತುಗಳಲ್ಲಿ ಸಂಕೇತ ಹರಿಯುವುದು ಈ ವಿಭವಾಂತರದ ಬಲದಿಂದ. ಅದು ಕುಗ್ಗಿದಾಗ ಸೋಡಿಯಮ್ ಒಳಬರುವ ಬಾಗಿಲುಗಳು ಸರಿಯಾಗಿ ತೆರೆಯವು. ಸಂಕೇತ ನಿಧಾನವಾಗುತ್ತದೆ, ದಾರಿ ತಪ್ಪುತ್ತದೆ, ಕಡೆಗೆ ನಿಲ್ಲುತ್ತದೆ. ರೋಗಿಗೆ ಇದರ ಮುನ್ಸೂಚನೆ ಎಷ್ಟೋ ವೇಳೆ ಏನೂ ಇರುವುದಿಲ್ಲ. ಆದಕಾರಣ ಈ ಅಂಕೆಯನ್ನು ಕಂಡು ವೈದ್ಯರು ಹೆದರುವುದು ನ್ಯಾಯವೇ ಆಗಿದೆ.

ಆದರೆ ಹೆದರುವ ಮೊದಲು ಅಳತೆ ನಿಜವೇ ಎಂದು ಕೇಳುವುದು ವಿಜ್ಞಾನದ ಮೊದಲ ಪಾಠ. ರಕ್ತವನ್ನು ತೆಗೆಯುವಾಗ ತೋಳಿಗೆ ಬಿಗಿಯಾಗಿ ಪಟ್ಟಿ ಕಟ್ಟಿ, ಮುಷ್ಟಿಯನ್ನು ಮತ್ತೆ ಮತ್ತೆ ಹಿಡಿಸಿದರೆ ಸ್ನಾಯುಗಳಿಂದ ಪೊಟ್ಯಾಸಿಯಮ್ ಹೊರಬೀಳುತ್ತದೆ. ಸೀಸೆಯಲ್ಲಿ ಕೆಂಪು ರಕ್ತಕಣಗಳು ಒಡೆದರೆ ಅವುಗಳೊಳಗಿನ ದಾಸ್ತಾನು ದ್ರವಕ್ಕೆ ಸೇರಿ ಅಂಕೆ ಸುಳ್ಳಾಗಿ ಏರುತ್ತದೆ. ಸಂದೇಹವಿದ್ದಾಗ ಒಡನೆಯೇ ಹೃದಯದ ವಿದ್ಯುಲ್ಲೇಖವನ್ನು ತೆಗೆದು, ರಕ್ತವನ್ನು ಇನ್ನೊಮ್ಮೆ ಪರೀಕ್ಷಿಸುವುದು ಅನವಶ್ಯಕ ಖರ್ಚಲ್ಲ, ಅದು ವಿವೇಕ.

ಅಳತೆ ನಿಜವೆಂದೇ ಇಟ್ಟುಕೊಳ್ಳೋಣ. ಈಗ ನಮ್ಮ ಮುಖ್ಯ ಪ್ರಶ್ನೆ ಬರುತ್ತದೆ. ಮಧುಮೇಹ, ರಕ್ತದೊತ್ತಡಗಳಿಂದ ಮೂತ್ರಪಿಂಡ ಕೆಟ್ಟವರಿಗೆ, ಅದರಲ್ಲಿಯೂ ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿರುವವರಿಗೆ, ವೈದ್ಯರು ಕೊಡುವ ಮಾತ್ರೆಗಳಲ್ಲಿ ಹೆಸರಿನ ಕೊನೆಗೆ 'ಪ್ರಿಲ್' ಅಥವಾ 'ಸಾರ್ಟಾನ್' ಎಂದು ಬರುವ ಎರಡು ಬಳಗಗಳಿವೆ. ಅವು ಒತ್ತಡವನ್ನು ಇಳಿಸುವುದಷ್ಟೇ ಅಲ್ಲದೆ, ಮೂತ್ರಪಿಂಡದ ಸೂಕ್ಷ್ಮ ಸೋಸುಬಲೆಗಳ ಮೇಲಿನ ಭಾರವನ್ನು ತಗ್ಗಿಸಿ ಅವುಗಳ ಆಯುಸ್ಸನ್ನು ಬೆಳೆಸುತ್ತವೆ. ಇನ್ಸುಲಿನ್ ಅವಲಂಬಿತ ಮಧುಮೇಹಿಗಳ ಮೇಲೆ ಉತ್ತರ ಅಮೆರಿಕದಲ್ಲಿ ನಡೆದು 1993ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಕ್ಯಾಪ್ಟೊಪ್ರಿಲ್ ಪಡೆದವರಿಗೆ ಮರಣ, ಡಯಾಲಿಸಿಸ್ ಅಥವಾ ಮೂತ್ರಪಿಂಡದ ಕಸಿ ಒದಗುವ ಸಂಭವ ಅರ್ಧಕ್ಕೆ ಇಳಿದುದು ಕಂಡುಬಂದಿತು. ಆದರೆ ಇವೇ ಔಷಧಗಳು ಆಲ್ಡೊಸ್ಟೆರೋನ್ ಎಂಬ ಹಾರ್ಮೋನನ್ನು ತಗ್ಗಿಸುತ್ತವೆ. ಪೊಟ್ಯಾಸಿಯಮ್ಮನ್ನು ಹೊರಕ್ಕೆ ಹಾಕೆಂದು ಮೂತ್ರಪಿಂಡಕ್ಕೆ ಆಜ್ಞೆ ಮಾಡುವುದು ಆ ಹಾರ್ಮೋನೇ. ಕಾಯುವ ಮದ್ದೇ ಪೊಟ್ಯಾಸಿಯಮ್ಮನ್ನೂ ಏರಿಸುವ ಇಕ್ಕಟ್ಟು ಇಲ್ಲಿದೆ.

ಈ ಇಕ್ಕಟ್ಟಿನ ಎರಡು ಕೊನೆಗಳಲ್ಲಿಯೂ ಅಪಾಯವಿದೆಯೆಂಬುದಕ್ಕೆ ಚರಿತ್ರೆಯ ಸಾಕ್ಷ್ಯವಿದೆ. ಆಲ್ಡೊಸ್ಟೆರೋನನ್ನು ನೇರವಾಗಿ ತಡೆಯುವ ಸ್ಪೈರೊನೊಲ್ಯಾಕ್ಟೋನ್ ಎಂಬ ಔಷಧ, ಹೃದಯ ಸೋತ ರೋಗಿಗಳಲ್ಲಿ ಮರಣವನ್ನು ನೂರಕ್ಕೆ 30ರಷ್ಟು ತಗ್ಗಿಸಿತೆಂದು 1999ರಲ್ಲಿ ಪ್ರಕಟವಾಯಿತು. ಕೂಡಲೇ ಅದರ ಬಳಕೆ ಹರಡಿತು. ಕೆನಡಾದ ಒಂಟಾರಿಯೋ ಪ್ರಾಂತದಲ್ಲಿ, ಹೃದಯ ಸೋತು 'ಪ್ರಿಲ್' ಮಾತ್ರೆಗಳನ್ನೂ ಸೇವಿಸುತ್ತಿದ್ದ ವೃದ್ಧರ ಪೈಕಿ, ಪೊಟ್ಯಾಸಿಯಮ್ ಏರಿ ಆಸ್ಪತ್ರೆ ಸೇರಿದವರು 1994ರಲ್ಲಿ ಸಾವಿರಕ್ಕೆ 2.4 ಇದ್ದರು, 2001ರಲ್ಲಿ ಸಾವಿರಕ್ಕೆ 11 ಆದರು. 2004ರಲ್ಲಿ ಈ ಲೆಕ್ಕ ಪ್ರಕಟವಾದಾಗ ವೈದ್ಯಲೋಕ ಎಚ್ಚೆತ್ತಿತು. ರಕ್ತಪರೀಕ್ಷೆಯ ಕಾವಲಿಲ್ಲದೆ ಒಳ್ಳೆಯ ಮದ್ದೂ ಕೆಡುಕು ಮಾಡಬಲ್ಲುದೆಂಬುದು ಒಂದು ಪಾಠ.

ಇನ್ನೊಂದು ಪಾಠ 2022ರಲ್ಲಿ ಬ್ರಿಟನ್ನಿನಿಂದ ಬಂದಿತು. ಮೂತ್ರಪಿಂಡಗಳು ಬಹಳ ಮುಂದುವರಿದು ಕೆಟ್ಟಿದ್ದ 411 ರೋಗಿಗಳಲ್ಲಿ ಅರ್ಧ ಮಂದಿಗೆ ಈ ಕಾಯುವ ಮಾತ್ರೆಗಳನ್ನು ನಿಲ್ಲಿಸಿ, ಉಳಿದವರಿಗೆ ಮುಂದುವರಿಸಿ ಮೂರು ವರ್ಷ ನೋಡಿದರು. ನಿಲ್ಲಿಸಿದರೆ ಮೂತ್ರಪಿಂಡ ಚೇತರಿಸಿಕೊಳ್ಳಬಹುದೆಂಬ ಆಸೆ ಫಲಿಸಲಿಲ್ಲ; ಎರಡು ಗುಂಪುಗಳಲ್ಲಿಯೂ ಮೂತ್ರಪಿಂಡದ ಶಕ್ತಿ ಒಂದೇ ಮಟ್ಟದಲ್ಲಿತ್ತು. ಮೂತ್ರಪಿಂಡ ರೋಗಗಳ ಕುರಿತಾದ ಅಂತರರಾಷ್ಟ್ರೀಯ ತಜ್ಞಮಂಡಲಿ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ, ಪೊಟ್ಯಾಸಿಯಮ್ ಏರಿದಾಗ ಈ ಔಷಧಗಳನ್ನು ಕಡಿತಗೊಳಿಸುವ ಬದಲು ಪೊಟ್ಯಾಸಿಯಮ್ಮನ್ನೇ ಇಳಿಸುವ ಕ್ರಮಗಳಿಂದ ಎಷ್ಟೋ ವೇಳೆ ನಿಭಾಯಿಸಬಹುದೆಂದು ಹೇಳಿದೆ.

ಆ ಕ್ರಮಗಳು ಯಾವುವು? ಔಷಧದ ಪೈಕಿ ಒಂದು, ಮೂತ್ರಪಿಂಡ ಬಿಟ್ಟ ಕೆಲಸವನ್ನು ಕರುಳಿನ ಮೂಲಕ ಮಾಡಿಸುವುದು. ಇದರ ತತ್ತ್ವ ನಮಗೆ ಅಪರಿಚಿತವಲ್ಲ. ಕೊಳವೆಬಾವಿಯ ಗಡಸು ನೀರನ್ನು ಮೆದುವಾಗಿಸುವ ಯಂತ್ರ ಎಷ್ಟೋ ಮನೆಗಳಲ್ಲಿದೆ. ಅದರೊಳಗಿನ ರಾಳದ ಮಣಿಗಳು ನೀರಿನ ಕ್ಯಾಲ್ಸಿಯಮ್ಮನ್ನು ಹಿಡಿದು ತಮ್ಮಲ್ಲಿರುವ ಸೋಡಿಯಮ್ಮನ್ನು ಬಿಟ್ಟುಕೊಡುತ್ತವೆ. ಇದಕ್ಕೆ ಅಯಾನು ವಿನಿಮಯವೆಂದು ಹೆಸರು. ಕೃತಕ ರಾಳಗಳ ಈ ಗುಣವನ್ನು 1935ರಲ್ಲಿ ಇಂಗ್ಲೆಂಡಿನಲ್ಲಿ ಆಡಮ್ಸ್ ಮತ್ತು ಹೋಮ್ಸ್ ತೋರಿಸಿದರು. ಅದೇ ಜಾತಿಯ ಸೋಡಿಯಮ್ ಪಾಲಿಸ್ಟೈರೀನ್ ಸಲ್ಫೊನೇಟ್ 1958ರಲ್ಲಿ ಅಮೆರಿಕದಲ್ಲಿ ಪೊಟ್ಯಾಸಿಯಮ್ ಇಳಿಸುವ ಮದ್ದಾಗಿ ಮಂಜೂರಾಯಿತು. ನಮ್ಮ ದೇಶದಲ್ಲಿ ಹೆಚ್ಚಾಗಿ ಕೊಡುವ ಪುಡಿ ಅದರ ಕ್ಯಾಲ್ಸಿಯಮ್ ರೂಪ. ಈ ಹಳೆಯ ರಾಳಗಳಿಗೆ ಆಯ್ಕೆಯ ಜಾಣ್ಮೆ ಕಡಿಮೆ. ಪೊಟ್ಯಾಸಿಯಮ್ಮಿನೊಡನೆ ಬೇರೆ ಅಯಾನುಗಳನ್ನೂ ಹಿಡಿಯುತ್ತವೆ. ಮಲಬದ್ಧತೆ ಸಾಮಾನ್ಯ; ಅಪರೂಪವಾಗಿ ಕರುಳಿಗೆ ತೀವ್ರ ಗಾಯವಾದುದೂ ಉಂಟು.

ಈಚಿನ ಎರಡು ಮದ್ದುಗಳು ಇದಕ್ಕಿಂತ ಮುಂದೆ ಹೋಗಿವೆ. 2015ರಲ್ಲಿ ಅಮೆರಿಕದಲ್ಲಿ ಮಂಜೂರಾದ ಪ್ಯಾಟಿರೋಮರ್ ಕ್ಯಾಲ್ಸಿಯಮ್ಮನ್ನು ಕೊಟ್ಟು ಪೊಟ್ಯಾಸಿಯಮ್ಮನ್ನು ಕೊಳ್ಳುತ್ತದೆ. 2018ರಲ್ಲಿ ಅಲ್ಲಿಯೇ ಮಂಜೂರಾದ ಸೋಡಿಯಮ್ ಜಿರ್ಕೋನಿಯಮ್ ಸೈಕ್ಲೋಸಿಲಿಕೇಟ್ ರಾಳವಲ್ಲ, ಹರಳು. ಅದರ ಜಾಲಂಧ್ರಗಳ ಅಗಲ ಸುಮಾರು 3 ಆಂಗ್‌ಸ್ಟ್ರಾಂ. ಒಂದು ಆಂಗ್‌ಸ್ಟ್ರಾಂ ಎಂದರೆ ಸೆಂಟಿಮೀಟರಿನ ಹತ್ತು ಕೋಟಿಯಲ್ಲೊಂದು ಭಾಗ. ತನ್ನ ಸುತ್ತಣ ನೀರಿನ ಹೊದಿಕೆಯನ್ನು ಕಳಚಿದ ಪೊಟ್ಯಾಸಿಯಮ್ ಅಯಾನು ಅಲ್ಲಿ ಅಚ್ಚಿನಲ್ಲಿ ಎರಕ ಹೊಯ್ದಂತೆ ಕೂರುತ್ತದೆ. ಸೋಡಿಯಮ್ ಅದಕ್ಕಿಂತ ಚಿಕ್ಕದು. ಚಿಕ್ಕದಾದುದರಿಂದಲೇ ಗೋಡೆಗಳ ಆಸರೆ ಅದಕ್ಕೆ ಸಾಲದು, ನೀರನ್ನು ಬಿಟ್ಟು ಬರಲು ಅದು ಒಪ್ಪದು. ನಮ್ಮ ಜೀವಕೋಶಗಳ ಪೊಟ್ಯಾಸಿಯಮ್ ನಾಳಗಳೂ ಇದೇ ಉಪಾಯದಿಂದ ಕೆಲಸ ಮಾಡುತ್ತವೆಂದು 1998ರಲ್ಲಿ ತೋರಿಸಿದ ರಾಡರಿಕ್ ಮೆಕಿನನ್ ಅವರಿಗೆ 2003ರ ನೊಬೆಲ್ ಪಾರಿತೋಷಕ ಸಂದಿತು.

ಆದರೂ ಈ ಬಂಧಕಗಳು ಸಂಜೀವಿನಿಯಲ್ಲ. ಪೊಟ್ಯಾಸಿಯಮ್ ಅಪಾಯದ ಮಟ್ಟಕ್ಕೆ ಏರಿ ಹೃದಯ ತಡವರಿಸುತ್ತಿರುವಾಗ ಪುಡಿ ಕಲಸಿ ಕುಡಿಸುತ್ತ ಕುಳಿತರೆ ಕಾಲ ಮೀರುತ್ತದೆ. ಆಗ ಬೇಕಾದುದು ಆಸ್ಪತ್ರೆ. ಕ್ಯಾಲ್ಸಿಯಮ್ಮೂ ಪೊಟ್ಯಾಸಿಯಮ್ಮೂ ಹೃದಯದ ಮೇಲೆ ಪರಸ್ಪರ ವಿರುದ್ಧವಾಗಿ ವರ್ತಿಸುವುದನ್ನು 1880ರ ದಶಕದಲ್ಲಿ ಲಂಡನ್ನಿನ ಸಿಡ್ನಿ ರಿಂಗರ್ ಕಪ್ಪೆಯ ಹೃದಯದಲ್ಲಿ ಕಂಡಿದ್ದನು. ಇಂದಿಗೂ ವೈದ್ಯರು ಹೃದಯದ ರಕ್ಷಣೆಗೆ ಕ್ಯಾಲ್ಸಿಯಮ್ ಚುಚ್ಚುಮದ್ದನ್ನೂ, ಪೊಟ್ಯಾಸಿಯಮ್ಮನ್ನು ಕೋಶಗಳೊಳಕ್ಕೆ ಸರಿಸಲು ಗ್ಲೂಕೋಸಿನೊಡನೆ ಇನ್ಸುಲಿನ್ನನ್ನೂ ಕೊಡುತ್ತಾರೆ. ಅಗತ್ಯ ಬಿದ್ದರೆ ಡಯಾಲಿಸಿಸ್ ಮಾಡುತ್ತಾರೆ. ದೀರ್ಘಕಾಲದ ಬಳಕೆಯಲ್ಲಿಯೂ ಎಚ್ಚರ ಬೇಕು. ಪ್ಯಾಟಿರೋಮರ್ ಮೆಗ್ನೀಸಿಯಮ್ಮನ್ನು ತಗ್ಗಿಸಬಹುದು. ಜಿರ್ಕೋನಿಯಮ್ ಹರಳು ಬಿಟ್ಟುಕೊಡುವ ಸೋಡಿಯಮ್ಮಿನಿಂದ ಕಾಲು ಬಾಯಬಹುದು. ಬೇರೆ ಮಾತ್ರೆಗಳನ್ನೂ ಬಂಧಕ ಹಿಡಿದುಕೊಳ್ಳುವ ಸಂಭವವಿರುವುದರಿಂದ ಎಷ್ಟು ಅಂತರ ಬಿಟ್ಟು ಸೇವಿಸಬೇಕೆಂದು ಕೇಳಿ ತಿಳಿಯಬೇಕು.

ಇಲ್ಲಿ ಎರಡು ಆಕ್ಷೇಪಗಳು ಏಳುತ್ತವೆ. ಒಂದು ಮದ್ದಿನ ದೋಷವನ್ನು ಅಡಗಿಸಲು ಇನ್ನೊಂದು ಮದ್ದೇ? ಎಂಬುದು ಮೊದಲನೆಯದು. ಇದು ಹಗುರವಾದ ಆಕ್ಷೇಪವಲ್ಲ. ಬಂಧಕವನ್ನು ಸೇರಿಸಿ ಕಾಯುವ ಮಾತ್ರೆಯನ್ನು ಉಳಿಸಿಕೊಂಡವರು ಹೆಚ್ಚು ಕಾಲ ಬದುಕುತ್ತಾರೆಂದು ನೇರವಾದ ಪರೀಕ್ಷೆಯಿಂದ ಇನ್ನೂ ಸಿದ್ಧವಾಗಿಲ್ಲ. ಪೊಟ್ಯಾಸಿಯಮ್ ಇಳಿಯುವುದು ಸಿದ್ಧವಾಗಿದೆ. ಕಾಯುವ ಮಾತ್ರೆಯ ಪ್ರಯೋಜನವೂ ಸಿದ್ಧವಾಗಿದೆ. ಇವೆರಡನ್ನು ಜೋಡಿಸಿ ನಾವು ಮೂರನೆಯದನ್ನು ಊಹಿಸುತ್ತೇವೆ. ಊಹೆ ಸಮಂಜಸವಾದುದು, ಆದರೂ ಊಹೆಯೇ. ಆದುದರಿಂದ ಬಂಧಕಕ್ಕೆ ಮೊದಲು ಸುಲಭವಾದ ಬಾಗಿಲುಗಳನ್ನು ತಟ್ಟಬೇಕು. ನೋವಿಗೆಂದು ಅಂಗಡಿಯಿಂದ ತಾವೇ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳು ಪೊಟ್ಯಾಸಿಯಮ್ಮನ್ನು ಏರಿಸುತ್ತವೆ, ಮೂತ್ರಪಿಂಡವನ್ನೂ ಕೆಡಿಸುತ್ತವೆ. ಸೋಡಿಯಮ್ ಕಡಿಮೆಯಿರುವ ಉಪ್ಪೆಂದು ಮಾರುವ ಪೊಟ್ಟಣಗಳಲ್ಲಿ ಸೋಡಿಯಮ್ಮಿನ ಸ್ಥಾನಕ್ಕೆ ಬಂದಿರುವುದು ಪೊಟ್ಯಾಸಿಯಮ್ ಕ್ಲೋರೈಡ್. ರಕ್ತದೊತ್ತಡದವರಿಗೆ ಹಿತವಾದ ಆ ಉಪ್ಪು ಮೂತ್ರಪಿಂಡದ ರೋಗಿಗೆ ಸಲ್ಲದು. ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಕೊಟ್ಟ ಸಲಹೆಯಲ್ಲಿ ಇಂಥವರನ್ನು ಹೊರಗಿಟ್ಟಿದೆ. ಮೂತ್ರ ಹೆಚ್ಚಿಸುವ ಕೆಲವು ಮಾತ್ರೆಗಳು, ರಕ್ತದ ಆಮ್ಲೀಯತೆಯನ್ನು ಸರಿಪಡಿಸುವ ಸೋಡಾ ಬೈಕಾರ್ಬೊನೇಟ್ ಇವೂ ತಕ್ಕವರಿಗೆ ನೆರವಾಗುತ್ತವೆ. ತರಕಾರಿಯನ್ನು ಹೆಚ್ಚಿ ಧಾರಾಳ ನೀರಿನಲ್ಲಿ ಬೇಯಿಸಿ ಆ ನೀರನ್ನು ಬಸಿದು ಚೆಲ್ಲಿದರೆ ಪೊಟ್ಯಾಸಿಯಮ್ ಸಾಕಷ್ಟು ಹೋಗುತ್ತದೆ. ಬಸ್ಸಾರಿನ ರುಚಿ ಬಲ್ಲವರಿಗೆ ಇದು ಕಷ್ಟದ ಮಾತು, ಆದರೂ ತರಕಾರಿಯನ್ನೇ ತೊರೆಯುವುದಕ್ಕಿಂತ ಮೇಲು.

ಎರಡನೆಯ ಆಕ್ಷೇಪ ಹಣದ್ದು. ತಿಂಗಳು ತಿಂಗಳೂ ಕೊಳ್ಳಬೇಕಾದ ಮದ್ದು ಬಡವನಿಗೆ ಭಾರವೆಂಬುದು ನಿಜ. ಆದರೆ ಲೆಕ್ಕವನ್ನು ಅರ್ಧಕ್ಕೆ ನಿಲ್ಲಿಸಬಾರದು. ಕಾಯುವ ಮಾತ್ರೆ ತಪ್ಪಿ ಮೂತ್ರಪಿಂಡ ಬೇಗ ಸೋತರೆ, ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ಸಿಗೆ ತಾಲ್ಲೂಕು ಇಲ್ಲವೇ ಜಿಲ್ಲಾ ಆಸ್ಪತ್ರೆಗೆ ಓಡಾಡುವ ಬಾಳು ಬರುತ್ತದೆ. ಆ ಸೂಜಿ, ಆ ಬಸ್ಸಿನ ಪ್ರಯಾಣ, ಕಳೆದುಹೋದ ಕೂಲಿ, ಜೊತೆಗೆ ಬರುವ ಮನೆಯವರ ಕೂಲಿ ಇವನ್ನೆಲ್ಲ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿಡಬೇಕು. ಸರಕಾರ ಡಯಾಲಿಸಿಸ್ಸಿಗೆ ಹಣ ಕೊಡುವುದು ಶ್ಲಾಘ್ಯ. ಡಯಾಲಿಸಿಸ್ಸನ್ನು ಮುಂದೂಡುವ ರಕ್ತಪರೀಕ್ಷೆಗೂ ಮದ್ದಿಗೂ ಅಷ್ಟೇ ಉದಾರವಾಗಿ ಕೊಡುವುದು ಇನ್ನೂ ಶ್ಲಾಘ್ಯವಾದೀತು.

ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಮುಳ್ಳು ಕೆಂಪುಗೆರೆಯನ್ನು ದಾಟಿದಾಗ ವಿದ್ಯಾರ್ಥಿ ಮಾಡುವ ಮೊದಲ ಕೆಲಸ ಸ್ವಿಚ್ಚನ್ನು ಆರಿಸುವುದು. ಯಂತ್ರಕ್ಕೆ ಅದು ಸರಿ. ಮನುಷ್ಯಶರೀರವನ್ನು ಹಾಗೆ ಆರಿಸಿ ಮತ್ತೆ ಹೊತ್ತಿಸಲಾಗದು. ನಿಲ್ಲಿಸಿದ ಮಾತ್ರೆಯನ್ನು ಮತ್ತೆ ಆರಂಭಿಸುವುದನ್ನು ಮರೆತರೆ ಕಳೆದ ಮೂತ್ರಪಿಂಡದ ಅಂಶ ಮರಳುವುದಿಲ್ಲ. ಅಂಕೆ ತೀರ ಏರಿದಾಗ ವೈದ್ಯರು ಮಾತ್ರೆಯನ್ನು ನಿಲ್ಲಿಸಿದರೆ ರೋಗಿ ಅದಕ್ಕೆ ತಲೆಬಾಗಲೇಬೇಕು. ಆದರೆ ಒಂದು ಪ್ರಶ್ನೆಯನ್ನು ವಿನಯದಿಂದ ಕೇಳುವ ಹಕ್ಕು ಅವನಿಗಿದೆ: "ಡಾಕ್ಟರೇ, ಪೊಟ್ಯಾಸಿಯಮ್ಮನ್ನು ಬೇರೆ ದಾರಿಯಿಂದ ಇಳಿಸಿ ಈ ಮಾತ್ರೆಯನ್ನು ಉಳಿಸಿಕೊಳ್ಳಬಹುದೆ? ಆಗದಿದ್ದರೆ, ಇದನ್ನು ಮತ್ತೆ ಎಂದು ಆರಂಭಿಸೋಣ?" ಈ ಪ್ರಶ್ನೆ ನಮ್ಮ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಲಿ.